ಒಬ್ಬರಿಗೊಬ್ಬರು: ಕ್ರೈಸ್ತ ಬದುಕಿನ ಅನ್ಯೋನ್ಯತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಓಣಿಯಲ್ಲಿ ಪ್ರತಿ ಬುಧವಾರ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ. ಹದಿನೆಂಟು ವರ್ಷಗಳಿಂದ ನಾನು ಅದರಲ್ಲಿದ್ದೇನೆ. ಕೂಟ ಮುಗಿದು ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ, ಆಸ್ಪತ್ರೆಯ ಬೆಂಚಿನ ಮೇಲೆ, ಫೋನಿನಲ್ಲಿ, ಪರ ಊರಿಗೆ ಹೋದವರ ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ನಾನು ಸಭಾಪಾಲಕಿಯಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಸತ್ಯವೇದ ಓದಿ, ಜನರ ನಡುವೆ ಬಾಳಿ ತಿಳಿದದ್ದನ್ನು ಬರೆದಿದ್ದೇನೆ.

## ಮೊದಲ ಹೆಜ್ಜೆಯ ಪ್ರಶ್ನೆಗಳು

“ಅನ್ಯೋನ್ಯತೆ, ಅನ್ಯೋನ್ಯತೆ ಎನ್ನುತ್ತೀರಿ. ಹಾಗೆಂದರೆ ಏನು? ಆರಾಧನೆ ಮುಗಿದ ಮೇಲೆ ಕೂತು ಚಹಾ ಕುಡಿಯುವುದೇ?”

ಚಹಾವೂ ಅದರಲ್ಲಿ ಸೇರಿದೆ, ಆದರೆ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಸತ್ಯವೇದದಲ್ಲಿ ಅನ್ಯೋನ್ಯತೆ ಎಂದಿರುವಲ್ಲಿ ಗ್ರೀಕ್ ಮೂಲದಲ್ಲಿರುವ ಪದ ಕೊಯ್ನೊನಿಯ. ಕೊಯ್ನೊಸ್ ಎಂದರೆ ಎಲ್ಲರಿಗೂ ಸೇರಿದ್ದು. ಲೂಕನು ತನ್ನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯಾಕೋಬ ಮತ್ತು ಯೋಹಾನರನ್ನು ಸೀಮೋನನ ಪಾಲುಗಾರರು ಎನ್ನುತ್ತಾನಲ್ಲ, ಅಲ್ಲಿರುವುದೂ ಅದೇ ಬೇರಿನ ಪದ. ದೋಣಿ ತುಂಬಿದ ದಿನವೂ ಅವರು ಪಾಲುಗಾರರು, ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿ ಬಂದ ದಿನವೂ ಪಾಲುಗಾರರು. ಮಕೆದೋನ್ಯ ಮತ್ತು ಅಖಾಯದ ಸಭೆಗಳು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನು ಕೊಯ್ನೊನಿಯ ಎಂದೇ ಕರೆದನು. ಪ್ರಭು ಭೋಜನದ ಬಟ್ಟಲನ್ನು ಕುಡಿದು ಕ್ರಿಸ್ತನ ರಕ್ತದಲ್ಲಿ ಪಾಲುಗಾರರಾಗುವುದಕ್ಕೂ ಅವನು ಬಳಸಿದ್ದು ಇದೇ ಪದವನ್ನು. ದೋಣಿ, ಹಣದ ಚೀಲ, ಬಟ್ಟಲು, ಮೂರೂ ಒಂದೇ ಪದದೊಳಗಿವೆ. ನಾವು ಬಟ್ಟಲನ್ನಷ್ಟೇ ಉಳಿಸಿಕೊಂಡು ಮಿಕ್ಕ ಎರಡನ್ನು ಮರೆತರೆ ಅದು ಅರ್ಧ ಅನ್ಯೋನ್ಯತೆ.

ಕನ್ನಡದ ಪದವೂ ಚೆನ್ನಾಗಿದೆ. “ಆ ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ” ಎಂದು ಊರಿನವರು ಹೇಳುವುದು ಅವರು ಒಂದೇ ಮನೆಯಲ್ಲಿದ್ದಾರೆ ಎಂಬ ಕಾರಣಕ್ಕಲ್ಲ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ಮುಖ ಬಾಡುವುದನ್ನು ನೋಡಿ ಹಾಗೆ ಹೇಳುತ್ತಾರೆ.

“ನನಗೆ ಯೇಸು ಇದ್ದಾನೆ, ಸತ್ಯವೇದ ಇದೆ. ಬೇರೆ ಜನ ಯಾಕೆ ಬೇಕು?”

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಜನರಿಂದ ನೊಂದವರು. ಆದ್ದರಿಂದ ನಾನು ಇದಕ್ಕೆ ಒರಟಾಗಿ ಉತ್ತರಿಸಲಾರೆ. ಆದರೂ ಯೇಸುವನ್ನು ಹಿಡಿದುಕೊಟ್ಟ ಗೆತ್ಸೇಮನೆ ತೋಟದ ರಾತ್ರಿಯನ್ನು ಒಮ್ಮೆ ನೋಡಿ. ತಂದೆಯೊಡನೆ ಯಾರಿಗೂ ಇಲ್ಲದಷ್ಟು ಹತ್ತಿರವಿದ್ದವನು ಯೇಸು. ಆತನೇ ಆ ರಾತ್ರಿ ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗಿ, ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೊಳಗಾಗಿದೆ, ಇಲ್ಲೇ ಇದ್ದು ನನ್ನ ಸಂಗಡ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಅವರು ನಿದ್ದೆ ಹೋದರು. ಆತನು ಮತ್ತೆ ಬಂದು ನೋಡಿದನು, ಮತ್ತೂ ಒಮ್ಮೆ ಬಂದನು. ದೇವರ ಮಗನು ಕೇಳಿಕೊಂಡದ್ದನ್ನು ನನಗೆ ಬೇಡ ಎನ್ನುವ ಧೈರ್ಯ ನನಗಿಲ್ಲ.

ನಾಲ್ಕನೆಯ ಶತಮಾನದಲ್ಲಿ ಅನೇಕರು ದೇವರನ್ನು ಹುಡುಕುತ್ತ ಒಬ್ಬೊಬ್ಬರೇ ಮರುಭೂಮಿಗೆ ಹೋದರು. ಕಪ್ಪದೋಕ್ಯದ ಬೆಸಿಲ್ ಎಂಬ ಬಿಷಪರು ಸನ್ಯಾಸಿಗಳಿಗೆ ನಿಯಮಗಳನ್ನು ಬರೆಯುವಾಗ ಅಂಥವರಿಗೆ ಒಂದು ಪ್ರಶ್ನೆ ಹಾಕಿದರು: ಒಬ್ಬನೇ ಇದ್ದರೆ ಯಾರ ಕಾಲು ತೊಳೆಯುವೆ? ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ “ಒಬ್ಬರನ್ನೊಬ್ಬರು” ಎಂಬ ಪದ ಸುಮಾರು ನೂರು ಸಲ ಬರುತ್ತದೆ. ಪ್ರೀತಿಸಿರಿ, ಕ್ಷಮಿಸಿರಿ, ಭಾರ ಹೊರಿರಿ ಎಂಬ ಆ ಆಜ್ಞೆಗಳಲ್ಲಿ ಒಂದನ್ನೂ ಬಾಗಿಲು ಹಾಕಿಕೊಂಡು ಒಬ್ಬರೇ ಪಾಲಿಸಲು ಬರುವುದಿಲ್ಲ.

“ಕೂಟ ಎನ್ನಲು ಎಷ್ಟು ಜನ ಇರಬೇಕು?”

ಇಬ್ಬರು ಸಾಕು. ಯೇಸು ಹನ್ನೆರಡು ಮಂದಿಯನ್ನು ಊರೂರಿಗೆ ಕಳುಹಿಸಿದ್ದು ಇಬ್ಬಿಬ್ಬರನ್ನಾಗಿ.

“ಮೊಬೈಲಿನಲ್ಲಿ ಒಳ್ಳೊಳ್ಳೆಯ ಪ್ರಸಂಗ ಕೇಳುತ್ತೇನೆ. ಭಾನುವಾರದ ಆರಾಧನೆಯನ್ನೂ ಅದರಲ್ಲೇ ನೋಡಿದರೆ ಸಾಲದೇ?”

2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ಹಾಗೆ ನೋಡಿದೆವು. ಆ ತಿಂಗಳುಗಳಲ್ಲಿ ಅದು ನಿಜವಾದ ಕೃಪೆಯಾಗಿತ್ತು. ಮುಪ್ಪಿನವರಿಗೆ, ಕಾಯಿಲೆಯವರಿಗೆ, ಕನ್ನಡ ಸಭೆಯೇ ಇಲ್ಲದ ನಾಡಿನಲ್ಲಿ ದುಡಿಯುವವರಿಗೆ ಇಂದಿಗೂ ಹಾಗೆಯೇ ಇದೆ. ಅವರನ್ನು ನಾನು ಎಂದೂ ಜರೆಯುವುದಿಲ್ಲ.

ಆದರೆ ಹೋಗಬಲ್ಲವರಿಗೆ ಒಂದು ಮಾತು. ಪ್ರಸಂಗ ನಿಮ್ಮ ಕಿವಿಗೆ ಬೀಳುತ್ತದೆ, ನಿಮ್ಮ ಮುಖ ಮಾತ್ರ ಯಾರಿಗೂ ಕಾಣುವುದಿಲ್ಲ. ಸುಮಾರು 155ನೆಯ ಇಸವಿಯಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ವಿಶ್ವಾಸಿ ಕ್ರೈಸ್ತರು ಭಾನುವಾರ ಏನು ಮಾಡುತ್ತಾರೆ ಎಂದು ಚಕ್ರವರ್ತಿಗೆ ವಿವರಿಸಿ ಬರೆದನು. ಓದು, ಬೋಧನೆ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ. ಆಮೇಲೆ, ಬಾರದೆ ಇದ್ದವರ ಪಾಲನ್ನು ಸಭಾಸೇವಕರು ಅವರ ಮನೆಗೆ ಒಯ್ದು ಕೊಡುತ್ತಿದ್ದರು. ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಊರಿಗೆ ಬಂದ ಪರದೇಶಿಗಳಿಗೆ ಹೋಗುತ್ತಿತ್ತು. ಯಾರು ಬಂದಿಲ್ಲ ಎಂದು ಗೊತ್ತಿದ್ದರೆ ತಾನೇ ರೊಟ್ಟಿ ಒಯ್ಯುವುದು? ಆ ಗುರುತು ಹಿಡಿಯುವ ಕೆಲಸ ಪರದೆಯಿಂದ ಆಗುವುದಿಲ್ಲ.

## ಸಭೆಗೆ ಹೋದ ಮೇಲೆ

“ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಪ್ರತಿ ಭಾನುವಾರ ದೇವಾಲಯಕ್ಕೆ ಹೋಗುತ್ತೇನೆ. ಒಬ್ಬರೂ ಮಾತನಾಡಿಸುವುದಿಲ್ಲ.”

ಇದನ್ನು ಓದಿದಾಗ ನನಗೆ ನಾಚಿಕೆಯಾಗುತ್ತದೆ, ನಮ್ಮೆಲ್ಲರ ಪರವಾಗಿ. ಪಿ.ಜಿ.ಯಲ್ಲಿ ಇದ್ದುಕೊಂಡು, ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದ ಹುಡುಗ ಅಥವಾ ಹುಡುಗಿಗೆ ನಾವು ಕೊಟ್ಟದ್ದು ಆರಾಧನೆಯ ಕ್ರಮದ ಹಾಳೆ ಮಾತ್ರ.

ಸಭೆಯಲ್ಲಿ ಹಳಬರಾದವರಿಗೆ ಮೊದಲು ಹೇಳುತ್ತೇನೆ. ಪೌಲನು ರೋಮಿನ ಸಭೆಗೆ ಪತ್ರ ಬರೆದಾಗ ಆ ಊರಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಆದರೂ ಕೊನೆಯ ಅಧ್ಯಾಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸುತ್ತಾನೆ. ಒಬ್ಬನ ತಾಯಿಯನ್ನು ನನಗೂ ತಾಯಿ ಎನ್ನುತ್ತಾನೆ. ನಿಮ್ಮ ಪಕ್ಕದ ಬೆಂಚಿನವರ ಹೆಸರು ನಿಮಗೆ ಗೊತ್ತೇ?

ಇನ್ನು ನಿಮಗೆ. ಹತ್ತು ನಿಮಿಷ ಮೊದಲು ಹೋಗಿ, ಯಾವುದಾದರೂ ಕೆಲಸಕ್ಕೆ ಕೈ ಹಾಕಿ. ಕುರ್ಚಿ ಹಾಕುವುದು, ಸಂಗೀತ ಪುಸ್ತಕ ಹಂಚುವುದು, ಭಾನುವಾರ ಶಾಲೆಯ ಮಕ್ಕಳನ್ನು ಕೂರಿಸುವುದು. ಜೊತೆಗೆ ಕೆಲಸ ಮಾಡಿದವರ ನಡುವೆ ಮಾತು ತಾನಾಗಿ ಬರುತ್ತದೆ. ಸಾಲದಿದ್ದರೆ ಸಭಾಪಾಲಕರಲ್ಲಿ ನೇರವಾಗಿ ಹೇಳಿ: “ಅಯ್ಯನವರೇ, ನನಗೆ ಇಲ್ಲಿ ಯಾರೂ ಪರಿಚಯವಿಲ್ಲ. ಯಾವ ಮನೆಯ ಕೂಟಕ್ಕೆ ಹೋಗಲಿ?” ಕೇಳುವುದರಲ್ಲಿ ಅವಮಾನವಿಲ್ಲ.

“ಗಟ್ಟಿಯಾಗಿ ಪ್ರಾರ್ಥಿಸಲು ನನಗೆ ಬಾರದು. ಎಲ್ಲರೂ ಪ್ರಾರ್ಥಿಸುವಾಗ ಮೈ ಬೆವರುತ್ತದೆ. ಅದಕ್ಕೇ ಕೂಟಕ್ಕೆ ಬರುವುದಿಲ್ಲ.”

ನಮ್ಮ ಕೂಟದಲ್ಲಿ ಒಬ್ಬ ಹಿರಿಯರಿದ್ದರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಗಟ್ಟಿಯಾಗಿ ಪ್ರಾರ್ಥಿಸಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ನನ್ನ ಯಜಮಾನರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದ ರಾತ್ರಿ ಹತ್ತು ಗಂಟೆಗೆ ಅವರು ಉಣ್ಣೆಯ ಟೋಪಿ ಹಾಕಿಕೊಂಡು, ಫ್ಲಾಸ್ಕ್‌ನಲ್ಲಿ ರವೆ ಗಂಜಿ ತುಂಬಿಕೊಂಡು ಬಂದರು. ಸ್ಟೀಲಿನ ಬೆಂಚಿನ ಮೇಲೆ ನನ್ನಿಂದ ಒಂದು ಕುರ್ಚಿಯಷ್ಟು ದೂರ ಕೂತರು. ಫ್ಲಾಸ್ಕಿನ ಮುಚ್ಚಳಕ್ಕೆ ಗಂಜಿ ಬಗ್ಗಿಸಿ ಕೊಟ್ಟು, “ಕುಡಿಯವ್ವ” ಎಂದರು. ಬೆಳಗಿನ ನಾಲ್ಕರವರೆಗೆ ಬೇರೆ ಮಾತಿಲ್ಲ. ಆ ರಾತ್ರಿ ನನ್ನ ಬಾಯಿಗೂ ಒಂದು ಪ್ರಾರ್ಥನೆ ಬರಲಿಲ್ಲ. ಅವರು ಕೂತಿದ್ದರಲ್ಲ, ಅದನ್ನೇ ದೇವರು ಕೇಳಿಸಿಕೊಂಡನು ಎಂದು ನಂಬಿದ್ದೇನೆ.

ಬನ್ನಿ. ಕೊನೆಯಲ್ಲಿ ಆಮೆನ್ ಅಂದರೆ ಸಾಕು.

“ನಮ್ಮ ಬಡಾವಣೆಯಲ್ಲಿ ಮನೆ ಕೂಟ ಆರಂಭಿಸಬೇಕೆಂದಿದ್ದೇವೆ. ಹೇಗೆ ನಡೆಸುವುದು?”

ಸಣ್ಣದಾಗಿ ಆರಂಭಿಸಿ, ಗಡಿಯಾರ ನೋಡಿಕೊಂಡು ಮುಗಿಸಿ. ಎರಡು ಹಾಡು, ಒಂದು ಓದುವ ಭಾಗ, ಅದರ ಮೇಲೆ ಮಾತು, ಪ್ರಾರ್ಥನೆ. ಒಂದೂವರೆ ಗಂಟೆಗಿಂತ ಹೆಚ್ಚಾದರೆ ಶಾಲೆಯ ಮಕ್ಕಳಿರುವ ತಾಯಂದಿರು ಬರುವುದನ್ನು ಬಿಡುತ್ತಾರೆ. ಒಬ್ಬರೇ ಮಾತನಾಡಿ ಮುಗಿಸುವಂತಾದರೆ ಅದು ಇನ್ನೊಂದು ಪ್ರಸಂಗ, ಕೂಟವಲ್ಲ. ತಿಂಡಿಯ ಬಗ್ಗೆ ಕಟ್ಟುನಿಟ್ಟಾಗಿರಿ: ಚಹಾ ಮತ್ತು ಒಂದೇ ತಿಂಡಿ, ಗಿರ್ಮಿಟ್ ಆದರೂ ಸರಿ. ನಮ್ಮಲ್ಲಿ ಒಂದು ಮನೆಯಲ್ಲಿ ಕೇಸರಿಬಾತು ಮಾಡಿದರು, ಮುಂದಿನ ಮನೆಯಲ್ಲಿ ಬಿರಿಯಾನಿ ಆಯಿತು, ಅದರ ಮುಂದಿನ ವಾರ ಕೂಲಿ ಮಾಡುವ ಮನೆಯವರು “ನಮ್ಮಲ್ಲಿ ಬೇಡ” ಎಂದರು. ಅಂದಿನಿಂದ ಈ ನಿಯಮ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಯಾರು ಬಂದಿಲ್ಲ ಎಂದು ನೋಡುವ ಒಬ್ಬರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1742ರಲ್ಲಿ, ಮೆಥಡಿಸ್ಟ್ ಪಂಗಡವನ್ನು ಹುಟ್ಟುಹಾಕಿದ ಬೋಧಕ ಜಾನ್ ವೆಸ್ಲಿಯವರ ಜನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಹನ್ನೆರಡು ಮಂದಿಗೆ ಒಬ್ಬ ನಾಯಕ, ಅವನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೆ ಒಂದು ಪೆನ್ನಿ ಎತ್ತಬೇಕು. ಹಣ ಎತ್ತಲು ಹೋದವರಿಗೆ ಅಲ್ಲಿನ ಬದುಕು ಕಂಡಿತು. ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಜಗಳ. ವೆಸ್ಲಿಯವರಿಗೆ ತಾನು ಬಹಳ ದಿನದಿಂದ ಹುಡುಕುತ್ತಿದ್ದದ್ದು ಇದೇ ಎಂದು ತಕ್ಷಣ ಹೊಳೆಯಿತು. ಮೆಥಡಿಸ್ಟರ ವರ್ಗ ಕೂಟಗಳು ಹುಟ್ಟಿದ್ದು ಹಾಗೆ. ಹಳೆಯ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ ಆ ಪರಂಪರೆಯದೇ. 1947ರಲ್ಲಿ ಹಲವು ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ ಆದಾಗ ಆ ಸಭೆಗಳೂ ಅದರಲ್ಲಿ ಸೇರಿದವು.

ನಮ್ಮ ಕೂಟದಲ್ಲಿ ಈ ಕೆಲಸ ಒಬ್ಬ ಅಜ್ಜಿಯದು. ಅವರ ಚೀಲದಲ್ಲಿ ಮೊಮ್ಮಗನ ಹಳೆಯ ಗಣಿತದ ನೋಟ್‌ಬುಕ್ ಇರುತ್ತಿತ್ತು. ಚೌಕುಳಿ ಹಾಳೆಯಲ್ಲಿ ಬಂದವರ ಹೆಸರು ಬರೆಯುವುದಿಲ್ಲ, ಬಾರದವರದು ಮಾತ್ರ. ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಆ ಹೆಸರುಗಳ ಬಾಗಿಲು ತಟ್ಟಿ, “ನಿನ್ನೆ ಕಾಣಲಿಲ್ಲ, ಆರಾಮ ಇದ್ದೀಯೇನವ್ವ?” ಎಂದು ಕೇಳಿ ಬರುತ್ತಿದ್ದರು. ಒಳಗೆ ಕರೆದರೂ ಕೂರುತ್ತಿರಲಿಲ್ಲ.

“ಕ್ರೈಸ್ತರಲ್ಲದ ಗೆಳೆಯರ ಸಹವಾಸ ಬಿಡಬೇಕೆಂದು ಒಬ್ಬರು ಹೇಳಿದರು. ಬಿಡಬೇಕೇ?”

ಬಿಡಬೇಡಿ. ನಂಬದವರೊಂದಿಗೆ “ಇಜ್ಜೋಡಾಗಬೇಡಿರಿ” ಎಂದು ಪೌಲನು ಕೊರಿಂಥದವರಿಗೆ ಬರೆದದ್ದು ನಂಬಿಕೆಯೇ ಬಾಗಬೇಕಾಗುವಂಥ ನೊಗದ ಬಗ್ಗೆ. ಅದೇ ಕೊರಿಂಥದವರಿಗೆ ಅವನು ಅದಕ್ಕಿಂತ ಮುಂಚೆ, ನಂಬದವರು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ಉಣ್ಣಿರಿ ಎಂದೂ ಬರೆದಿದ್ದನು. ನನ್ನ ಹೆರಿಗೆಯ ಸಮಯದಲ್ಲಿ ನಲವತ್ತು ದಿನ ಬಿಸಿನೀರು ಕಾಯಿಸಿ ಕೊಟ್ಟವರು ಪಕ್ಕದ ಮನೆಯ ಲಿಂಗಾಯತ ತಾಯಿ. ಆ ಋಣವನ್ನು ಯಾವ ವಚನವೂ ನನ್ನಿಂದ ಬಿಡಿಸುವುದಿಲ್ಲ.

## ಗಾಯಗಳ ಬಗ್ಗೆ

“ಕೂಟದಲ್ಲಿ ನಂಬಿ ಹೇಳಿಕೊಂಡ ವಿಷಯ ಮರುದಿನ ಊರಿಗೆಲ್ಲ ಗೊತ್ತಾಯಿತು. ಇನ್ನು ಯಾರನ್ನು ನಂಬಲಿ?”

ನಿಮಗಾದದ್ದು ಅನ್ಯಾಯ. “ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ” ಎಂಬ ಹೊದಿಕೆ ಹೊದಿಸಿ ಚಾಡಿಯನ್ನು ಮನೆಯಿಂದ ಮನೆಗೆ ಸಾಗಿಸುವುದು ನಮ್ಮ ಕೂಟಗಳ ದೊಡ್ಡ ರೋಗ. ನಾನೂ ಒಮ್ಮೆ ಹಾಗೆ ಮಾಡಿ, ಒಬ್ಬಳು ಗೆಳತಿಯ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳಿದ್ದೇನೆ. ಅವಳು ಕ್ಷಮಿಸಿದಳು, ಆದರೆ ಮೊದಲಿನ ಸಲುಗೆ ಬರಲು ಮೂರು ವರ್ಷ ಹಿಡಿಯಿತು.

ಜರ್ಮನಿಯಲ್ಲಿ ಹಿಟ್ಲರನ ಕಾಲದಲ್ಲಿ ಡೀಟ್ರಿಚ್ ಬೊನ್‌ಹಾಫರ್ ಎಂಬ ಪಾಲಕರು ಫಿಂಕನ್‌ವಾಲ್ಡೆ ಎಂಬಲ್ಲಿ ಯುವ ಪಾಲಕರಿಗೆ ತರಬೇತಿ ಕೊಡುತ್ತಿದ್ದರು. 1935ರಲ್ಲಿ ಆರಂಭವಾದ ಆ ಮನೆಯನ್ನು 1937ರಲ್ಲಿ ಗೆಸ್ಟಾಪೊ ಪೊಲೀಸರು ಮುಚ್ಚಿಸಿದರು. ಅಲ್ಲಿ ಒಟ್ಟಿಗೆ ಬಾಳಲು ಅವರು ಹಾಕಿದ ನಿಯಮ ಇದು: ಸಹೋದರನ ಬೆನ್ನ ಹಿಂದೆ ಅವನ ವಿಷಯ ಮಾತನಾಡಬಾರದು, ಮಾತನಾಡಿದರೆ ಆಮೇಲೆ ಅವನಿಗೇ ಹೋಗಿ ಹೇಳಬೇಕು. ಪಾಲಿಸಲು ಸೋತದ್ದರಿಂದಲೂ ಪಾಲಿಸಿದ್ದರಿಂದಲೂ ತಾವು ಕಲಿತೆವು ಎಂದು ಅಲ್ಲಿದ್ದವರು ನೆನೆಯುತ್ತಿದ್ದರು. ನಮ್ಮ ಕೂಟದಲ್ಲಿ ತಿಂಗಳ ಮೊದಲ ಬುಧವಾರ ಇದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ.

ನೀವು ಇಡೀ ಕೂಟವನ್ನು ನಂಬಬೇಕಾಗಿಲ್ಲ. ಸದ್ಯಕ್ಕೆ ಒಬ್ಬರನ್ನು ನಂಬಿ, ಚಿಕ್ಕ ವಿಷಯದಿಂದ ಶುರುಮಾಡಿ.

“ನಮ್ಮ ಸಭೆಯ ಇಬ್ಬರು ಹಿರಿಯರು ಮಾತು ಬಿಟ್ಟು ಐದು ವರ್ಷವಾಯಿತು. ಇದನ್ನು ಸಭೆ ಎನ್ನಬೇಕೇ?”

ಪೌಲ ಬಾರ್ನಬರೂ ಜಗಳವಾಡಿದರು. ಅರ್ಧ ದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗಬೇಕೇ ಬೇಡವೇ ಎಂಬ ತೀಕ್ಷ್ಣವಾದ ವಾಗ್ವಾದದಲ್ಲಿ ಅವರು ಬೇರೆ ಬೇರೆ ದಾರಿ ಹಿಡಿದರು. ಲೂಕನು ಅದನ್ನು ಮುಚ್ಚಿಡಲಿಲ್ಲ. ಆದರೆ ಸೆರೆಮನೆಯಿಂದ ತಿಮೊಥೆಯನಿಗೆ ಬರೆಯುವಾಗ ಅದೇ ಪೌಲನು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎನ್ನುತ್ತಾನೆ. ಈ ಎರಡರ ನಡುವೆ ಬಹಳ ವರ್ಷಗಳಿವೆ. ನಿಮ್ಮ ಹಿರಿಯರಿಗೂ ಹೊತ್ತು ಹಿಡಿಯಬಹುದು. ಆದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗಿರಿ ಎಂದ ಯೇಸುವಿನ ಮಾತನ್ನು ಅವರಿಬ್ಬರಿಗೂ ಒಬ್ಬರು ಮುಖ ನೋಡಿ ಹೇಳಬೇಕು. ಆ ಒಬ್ಬರು ನೀವೇ ಇರಬಹುದು.

“ವಿಶ್ವಾಸಕ್ಕೆ ಬಂದ ಮೇಲೆ ಮನೆಯವರು ನನ್ನನ್ನು ದೂರ ಮಾಡಿದ್ದಾರೆ. ಸಭೆಯವರು ‘ಪ್ರಾರ್ಥಿಸುತ್ತೇವೆ’ ಎನ್ನುತ್ತಾರೆ. ಹಬ್ಬದ ದಿನ ನಾನು ಎಲ್ಲಿಗೆ ಹೋಗಲಿ?”

ನನಗಾಗಿ ಮನೆಯನ್ನೂ ಅಣ್ಣತಮ್ಮಂದಿರನ್ನೂ ತಾಯಿಯನ್ನೂ ಬಿಟ್ಟವನಿಗೆ ಈಗಲೇ, ಈ ಕಾಲದಲ್ಲೇ, ನೂರರಷ್ಟು ಮನೆಗಳೂ ತಾಯಂದಿರೂ ಸಿಗುತ್ತಾರೆ ಎಂದು ಯೇಸು ಹೇಳಿದನು. ಆ ಮನೆಗಳು ಆಕಾಶದಿಂದ ಇಳಿಯುವುದಿಲ್ಲ. ಅವು ನಮ್ಮ ಮನೆಗಳೇ. ನಾವು ಬಾಗಿಲು ತೆರೆಯದಿದ್ದರೆ ಆತನ ಮಾತಿಗೆ ಅಡ್ಡ ನಿಂತವರು ನಾವು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ವಿಶ್ವಾಸಕ್ಕೆ ಬಂದವರು ಜಾತಿಯಿಂದ ಹೊರಬಿದ್ದಾಗ ಅವರ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಪ್ರಾರ್ಥನೆಯೊಂದರಿಂದ ಒಲೆ ಉರಿಯದು ಎಂದು ತಿಳಿದು ಮಿಷನ್ನಿನವರು ಮಗ್ಗಗಳನ್ನು ಹಾಕಿದರು, ಮುದ್ರಣಾಲಯ ನಡೆಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಹಳೆಯ ಮಾಡುಗಳ ಮೇಲೆ ಇಂದಿಗೂ ಕಾಣುವ ಮಂಗಳೂರು ಹೆಂಚಿನ ಹಿಂದೆ ಈ ಅಗತ್ಯವೂ ಇತ್ತು. ಧಣಿಗಳೂ ದುಡಿಯುವವರೂ ಎಂಬ ಬೇರೆ ತೊಡಕುಗಳು ಅದರಿಂದ ಹುಟ್ಟಿದವು ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಅನ್ಯೋನ್ಯತೆಗೆ ಸೂರು ಮತ್ತು ಕೂಲಿಯೂ ಸೇರಿದೆ ಎಂದು ಅವರು ಅರಿತಿದ್ದರು.

ನಿಮ್ಮ ಮನೆಯವರ ಮೇಲೆ ಬಾಗಿಲು ಹಾಕಬೇಡಿ. ಅಪ್ಪ ಅಮ್ಮನಿಗೆ ಫೋನ್ ಮಾಡುತ್ತಲೇ ಇರಿ, ಅವರು ಇಟ್ಟುಬಿಟ್ಟರೂ ಸರಿ. ಹಬ್ಬದ ದಿನ ಮಾತ್ರ ನಮ್ಮಲ್ಲಿ ಎಲೆ ಹಾಕಿರುತ್ತದೆ.

“ಒಂದೇ ಬಟ್ಟಲಲ್ಲಿ ಕುಡಿಯುತ್ತೇವೆ. ಮದುವೆಯ ಮಾತು ಬಂದರೆ ‘ಅವರು ಯಾವ ಪೈಕಿ’ ಎಂದು ಕೇಳುತ್ತಾರೆ. ಇದಕ್ಕೆ ಏನೆನ್ನುತ್ತೀರಿ?”

ಪಾಪ ಎನ್ನುತ್ತೇನೆ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ಅನ್ಯಜನಾಂಗದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದೊಡನೆ ಹೆದರಿ ಪಂಕ್ತಿಯಿಂದ ಎದ್ದನು. ಅವನು ಬೋಧನೆ ಬದಲಿಸಿರಲಿಲ್ಲ, ಎದ್ದನು ಅಷ್ಟೇ. ಅದಕ್ಕಾಗಿ ಪೌಲನು ಎಲ್ಲರ ಎದುರಿಗೆ ಅವನನ್ನು ಖಂಡಿಸಿ, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡತೆಯಲ್ಲ ಎಂದನು. ಪಂಕ್ತಿಭೇದ ಎಂದರೇನು ಎಂದು ನಮ್ಮ ನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕೊರಿಂಥದಲ್ಲೂ ಉಳ್ಳವರು ಮೊದಲೇ ತಿಂದು, ಇಲ್ಲದವರು ಹಸಿದು ಕೂತರು. ಹೀಗೆ ಕೂಡಿ ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಬರೆದನು.

ನಾನು ಹೇಳಬಲ್ಲದ್ದು ಸಣ್ಣದು. ನಮ್ಮ ಮಗಳ ಮದುವೆಯ ಮಾತುಕತೆಯಲ್ಲಿ ಆ ಪ್ರಶ್ನೆ ಬಂದಾಗ ನನ್ನ ಯಜಮಾನರು ಚಹಾದ ಲೋಟ ಕೆಳಗಿಟ್ಟು, “ನಮ್ಮಲ್ಲಿ ಅದನ್ನು ಕೇಳುವುದಿಲ್ಲ, ಹೇಳುವುದೂ ಇಲ್ಲ” ಎಂದರು. ಆ ಸಂಬಂಧ ಮುರಿಯಿತು. ಮಗಳು ಅತ್ತಳು, ನಾನೂ ಅತ್ತೆ. ಆದರೂ ಅವರು ಲೋಟ ಕೆಳಗಿಟ್ಟದ್ದು ಸರಿ.

“ಸಭೆಯಲ್ಲಿ ತುಂಬ ನೋವಾಗಿದೆ. ಬಿಟ್ಟುಬಿಡಲೇ?”

ಹಾಡಿನ ರಾಗ, ಸಮಿತಿಯ ಚುನಾವಣೆ, ಯಾರೋ ಆಡಿದ ಒಂದು ಮಾತು, ಇಂಥವಕ್ಕಾಗಿ ಬಿಡಬೇಡಿ. ಮುಂದಿನ ಸಭೆಯಲ್ಲೂ ಮನುಷ್ಯರೇ ಇರುತ್ತಾರೆ. ಆದರೆ ನಿಮ್ಮ ಮೇಲೆ ಕೈ ಮಾಡಿದ್ದರೆ, ದೇವರ ಹೆಸರಿನಲ್ಲಿ ಹೆದರಿಸಿ ಹಣ ಕಿತ್ತಿದ್ದರೆ, ಮೈ ಮುಟ್ಟಿದ್ದರೆ ಇಂದೇ ಹೊರಬನ್ನಿ. ಕ್ಷಮೆಯ ವಚನ ಹೇಳಿ ನಿಮ್ಮನ್ನು ಅಲ್ಲೇ ಕೂರಿಸುವವರ ಮಾತು ಕೇಳಬೇಡಿ. ಮಕ್ಕಳ ವಿಷಯವಾದರೆ, ಅವರನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿರುವವರು ಪೊಲೀಸರಿಗೆ ತಿಳಿಸಲೇಬೇಕು. ಅದು ಸಭಾ ಸಮಿತಿಯಲ್ಲಿ ಕೂತು ತೀರ್ಮಾನಿಸುವ ವಿಷಯವಲ್ಲ. ಮಕ್ಕಳ ಸಹಾಯವಾಣಿ 1098. ಹೊರಬಂದ ಮೇಲೆ ಒಬ್ಬರೇ ಉಳಿಯಬೇಡಿ, ಅದೊಂದೇ ನನ್ನ ಬೇಡಿಕೆ.

## ಇನ್ನೂ ಮುಂದಕ್ಕೆ

“ಸದಾ ಜನರ ನಡುವೆ ಇದ್ದರೆ ದೇವರೊಂದಿಗೆ ಏಕಾಂತ ಯಾವಾಗ?”

ಯೇಸು ಜನರ ಗುಂಪನ್ನು ಕಳುಹಿಸಿ ಒಬ್ಬನೇ ಬೆಟ್ಟ ಹತ್ತುತ್ತಿದ್ದನು, ಮತ್ತೆ ಇಳಿದು ಬರುತ್ತಿದ್ದನು. ಎರಡೂ ಬೇಕು. ಬೆಳಗಿನ ಅರ್ಧ ಗಂಟೆ ನಿಮ್ಮದಾಗಿರಲಿ, ಫೋನ್ ಬೇರೆ ಕೋಣೆಯಲ್ಲಿರಲಿ.

“ನಾನು ಹಾಸಿಗೆ ಹಿಡಿದಿದ್ದೇನೆ. ಎಲ್ಲಿಗೂ ಹೋಗಲಾರೆ. ನನ್ನಿಂದ ಇನ್ನು ಯಾರಿಗೆ ಏನು ಉಪಯೋಗ?”

ಪೌಲನ ಕೊನೆಯ ಪತ್ರವನ್ನು ಓದಿ. ಅವನೂ ಎಲ್ಲಿಗೂ ಹೋಗಲಾರದ ಸ್ಥಿತಿಯಲ್ಲಿದ್ದನು. ತ್ರೋವದಲ್ಲಿ ಬಿಟ್ಟುಬಂದ ಹೊದಿಕೆಯನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಬಾ, ಚಳಿಗಾಲಕ್ಕೆ ಮುಂಚೆ ಬಾ, ಲೂಕನೊಬ್ಬನೇ ನನ್ನ ಸಂಗಡ ಇದ್ದಾನೆ ಎಂದು ತಿಮೊಥೆಯನನ್ನು ಕೇಳುತ್ತಾನೆ. ಎಫೆಸದ ಒನೇಸಿಫೊರನು ರೋಮಿಗೆ ಬಂದು, ತನ್ನನ್ನು ಆಸಕ್ತಿಯಿಂದ ಹುಡುಕಿ ಕಂಡುಕೊಂಡನು, ತನ್ನ ಬೇಡಿಗೆ ನಾಚಿಕೊಳ್ಳಲಿಲ್ಲ ಎಂದು ನೆನೆಯುತ್ತಾನೆ. ಬೇಕು ಎಂದು ಕೇಳುವುದಕ್ಕೆ ಅಪೊಸ್ತಲನೇ ಹಿಂಜರಿಯಲಿಲ್ಲ. ನೀವೂ ಕೇಳಿ. ನಿಮ್ಮನ್ನು ಹುಡುಕಿಕೊಂಡು ಬರುವ ಭಾಗ್ಯ ಯಾರಿಗಾದರೂ ಸಿಗಲಿ.

ನೋಟ್‌ಬುಕ್ಕಿನ ಅಜ್ಜಿಯ ವಿಷಯ ಮೇಲೆ ಬರೆದೆನಲ್ಲ. ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಈಗ ತಿಂಗಳಿಗೆ ಎರಡು ಬುಧವಾರ ಕೂಟ ಅವರ ಮಂಚದ ಸುತ್ತಲೇ ನಡೆಯುತ್ತದೆ. ಜಾಗ ಸಾಲದೆ ಹುಡುಗರು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಾರೆ. ಕಳೆದ ವಾರ ಹಾಡು ಮುಗಿದೊಡನೆ ಅಜ್ಜಿ ಕನ್ನಡಕ ಹಾಕಿಕೊಂಡು ಒಬ್ಬೊಬ್ಬರನ್ನೇ ನೋಡುತ್ತ ಹೋದರು. ಆಮೇಲೆ ದಿಂಬಿನ ಕೆಳಗಿನಿಂದ ನೋಟ್‌ಬುಕ್ ಎಳೆದು ಮೊಮ್ಮಗನ ಕೈಗೆ ಕೊಟ್ಟು, “ಬರಿ. ಮೂಲೆ ಮನೆಯ ಹುಡುಗಿ ಬಂದಿಲ್ಲ. ನಾಳೆ ಹಾಲಿಗೆ ನೀನೇ ಹೋಗಬೇಕು” ಎಂದರು.